ಮೋಟಾರು ಗಾಡಿಯ ದೋಷವೂ ಮಾಲಿಕನ ದೂರೂ

ನವಲಗುಂದ, ಅಣ್ಣಿಗೇರಿಗಳ ಎರೆಯ ನೆಲದಲ್ಲಿ ಹಿಂಗಾರಿಯ ಕಡಲೆ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ರೈತನ ಮನೆಯಲ್ಲಿ ನಡೆಯುವ ಆಲೋಚನೆಗಳು ಹಲವು. ಸಾಲದ ಕಂತು, ಮನೆಯ ಮಾಳಿಗೆಯ ದುರಸ್ತಿ, ಮಗಳ ಮದುವೆ ಇವೆಲ್ಲ ಹಳೆಯ ವಿಷಯಗಳು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ: ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೋಗಬಹುದಾದ ಒಂದು ದೊಡ್ಡ ಗಾಡಿ. ಪೇಟೆಯವರು ಇದನ್ನು ಎಸ್‌ಯುವಿ ಎನ್ನುತ್ತಾರೆ. ಹೊಸದರ ಬೆಲೆ ಕೈಗೆ ಎಟಕುವಂತಹದಲ್ಲ. ಆದುದರಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ, ಮತ್ತೊಬ್ಬರು ಐದಾರು ವರ್ಷ ಓಡಿಸಿ ಬಿಟ್ಟುದನ್ನು ಕೊಂಡು ತರುವುದೇ ಹೆಚ್ಚು.

ಹೀಗೆ ಕೊಳ್ಳುವಾಗ ನಮ್ಮವರು ಎಚ್ಚರಗೇಡಿಗಳೇನೂ ಅಲ್ಲ. ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ನಡೆಗಳನ್ನು ನೋಡುವ ಕಣ್ಣು ಅವರದು. ಗಾಡಿ ಎಷ್ಟು ಕಿಲೋಮೀಟರು ಓಡಿದೆ, ಟೈರು ಸವೆದಿದೆಯೆ, ಬಣ್ಣ ಮತ್ತೆ ಹಚ್ಚಿದ್ದೆ, ವಿಮೆ ನಡೆಯುತ್ತಿದೆಯೆ ಎಂದೆಲ್ಲ ಕೇಳುತ್ತಾರೆ; ಪರಿಚಯದ ಮಿಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾರೆ. ಕೇಳದೆ ಬಿಡುವ ಪ್ರಶ್ನೆ ಒಂದೇ: “ಈ ಗಾಡಿಯನ್ನು ತಯಾರಕರು ಎಂದಾದರೂ ಹಿಂದಕ್ಕೆ ಕರೆದಿದ್ದರೆ? ಕರೆದಿದ್ದರೆ, ಆಗಬೇಕಾದ ದುರಸ್ತಿ ಆಗಿದೆಯೆ?” ಈ ಒಂದು ಪ್ರಶ್ನೆಯ ಮಹತ್ವವನ್ನು ನಮ್ಮ ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಯಂತ್ರದ ಕೇಡುಗಳಲ್ಲಿ ಎರಡು ಬಗೆ. ಮೊದಲನೆಯದು ಸವೆತ. ಬ್ರೇಕಿನ ಪಟ್ಟಿ ತೆಳುವಾಗುವುದು, ಬ್ಯಾಟರಿ ಬಲಗುಂದುವುದು ಬಳಕೆಯ ಸಹಜ ಫಲಗಳು. ಅವುಗಳ ಹೊಣೆ ಮಾಲಿಕನದು. ಎರಡನೆಯದು ಹುಟ್ಟುದೋಷ. ನಕ್ಷೆಯಲ್ಲಿ ನುಸುಳಿದ ತಪ್ಪು, ಸರಿಯಿಲ್ಲದ ಲೋಹ, ಜೋಡಣೆಯಲ್ಲಿ ತಪ್ಪಿದ ತಂತಿ ಇವು ಗಾಡಿ ಕಾರ್ಖಾನೆಯ ಬಾಗಿಲು ದಾಟುವ ಮೊದಲೇ ಅದರೊಳಗೆ ಸೇರಿಕೊಂಡಿರುತ್ತವೆ. ಒಂದೇ ಅಚ್ಚಿನಿಂದ ಇಳಿದ ಸಾವಿರಾರು ಗಾಡಿಗಳಲ್ಲಿ ಒಂದೇ ದೋಷ ಅಡಗಿರುತ್ತದೆ. ಅದು ಗೊತ್ತಾದೊಡನೆ ತಯಾರಕರು ಆ ಅವಧಿಯ ಗಾಡಿಗಳನ್ನೆಲ್ಲ ಕರೆಸಿ, ಹಣ ತೆಗೆದುಕೊಳ್ಳದೆ ಸರಿಪಡಿಸಿಕೊಡುವುದಕ್ಕೆ ‘ರಿಕಾಲ್’ ಎಂದು ಹೆಸರು. ನಾವು ಇದನ್ನು ಮರುಕರೆ ಎನ್ನೋಣ.

ಊರ ಬಡಿಗ ಮಾಡಿದ ಚಕ್ಕಡಿಯ ಗುಂಬದಲ್ಲಿ ಬಿರುಕು ಕಂಡರೆ, ಆ ಮರದಿಂದ ಇನ್ನಾರ ಮನೆಗೆ ಚಕ್ಕಡಿ ಮಾಡಿಕೊಟ್ಟಿದ್ದೇನೆಂಬುದು ಅವನಿಗೆ ನೆನಪಿರುತ್ತದೆ. ಸಂಜೆಯೊಳಗೆ ಹೋಗಿ ಎಚ್ಚರಿಸಿ ಬರುತ್ತಾನೆ. ಲಕ್ಷಗಟ್ಟಲೆ ಗಾಡಿಗಳನ್ನು ಹೊರಡಿಸುವ ಕಾರ್ಖಾನೆಗೆ ಆ ಸೌಕರ್ಯವಿಲ್ಲ. ಅದಕ್ಕೆ ಗೊತ್ತಿರುವುದು ಮೊದಲು ಕೊಂಡವನ ವಿಳಾಸ ಮಾತ್ರ. ಗಾಡಿ ಕೈ ಬದಲಾಯಿಸಿ ಕುಂದಗೋಳದ ಒಂದು ಹಳ್ಳಿಗೆ ಬಂದಿದ್ದರೂ ಎಚ್ಚರಿಕೆಯ ಕಾಗದ ಬೆಂಗಳೂರಿನ ಯಾವುದೋ ಬಡಾವಣೆಯ ಬಾಗಿಲಿಗೆ ಹೋಗುತ್ತದೆ.

ಒಂದು ನಿದರ್ಶನವನ್ನು ನೋಡೋಣ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಜಾ, ಎಸ್-ಕ್ರಾಸ್, ಎಕ್ಸ್ಎಲ್6 ಎಂಬ ತನ್ನ ಪೆಟ್ರೋಲ್ ಗಾಡಿಗಳಲ್ಲಿ 1,81,754ನ್ನು ಹಿಂದಕ್ಕೆ ಕರೆಯಿತು. ಇವು 2018ರ ಮೇ 4ರಿಂದ 2020ರ ಅಕ್ಟೋಬರ್ 27ರವರೆಗೆ ತಯಾರಾದವು. ದೋಷವಿರಬಹುದೆಂದು ಶಂಕಿಸಿದ್ದು ಇವುಗಳ ಮೋಟಾರ್-ಜನರೇಟರ್ ಘಟಕದಲ್ಲಿ. ಆ ಭಾಗ ಬದಲಾಗುವವರೆಗೆ ನೀರು ನಿಂತ ಜಾಗಗಳಲ್ಲಿ ಗಾಡಿ ಓಡಿಸಬಾರದು, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬಾರದು ಎಂದು ಕಂಪನಿಯು ಮಾಲಿಕರಿಗೆ ತಿಳಿಸಿತು.

ಈ ಸೂಚನೆಯನ್ನು ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತು ಓದಬೇಕು. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಹೆಸರು ಮೃದುವಾದರೂ ಮಳೆಗಾಲದ ಸ್ವಭಾವ ಮೃದುವಲ್ಲ. ಎರೆಮಣ್ಣು ಒಮ್ಮೆ ತೊಯ್ದು ಉಬ್ಬಿತೆಂದರೆ ನೀರನ್ನು ಕೆಳಗೆ ಇಳಿಯಗೊಡುವುದು ತೀರ ನಿಧಾನ. ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಈ ಹಳ್ಳಗಳು ಉಕ್ಕಿ ನವಲಗುಂದ ಭಾಗದ ಹೊಲ, ರಸ್ತೆಗಳನ್ನು ಮುಳುಗಿಸಿದುದನ್ನು ಅಲ್ಲಿಯವರು ಮರೆತಿಲ್ಲ. ಇಂತಹ ಸೀಮೆಯಲ್ಲಿ ನೀರನ್ನು ದಾಟದೆ ಇರುವುದು ಮಾಲಿಕನ ಇಚ್ಛೆಗೆ ಬಿಟ್ಟ ಮಾತಲ್ಲ. ದೊಡ್ಡ ಗಾಡಿಯನ್ನು ಕೊಂಡುದೇ ಎತ್ತರದ ಚಕ್ರಗಳು ಹಳ್ಳ ದಾಟಿಸಿಯಾವು ಎಂಬ ಭರವಸೆಯಿಂದ. ಎಚ್ಚರಿಕೆಯು ಅತ್ಯಂತ ಅವಶ್ಯವಾಗಿದ್ದುದು ಯಾರಿಗೋ ಅವರಿಗೇ ಅದು ತಲುಪುವ ಸಂಭವ ಅತ್ಯಂತ ಕಡಿಮೆ. ನಮ್ಮ ಕಳವಳದ ಮೂಲ ಇದು.

ಮತ್ತೊಂದು ನಿದರ್ಶನ. 2023ರ ಆಗಸ್ಟಿನಲ್ಲಿ ಮಹೀಂದ್ರ ಕಂಪನಿಯು ಎಕ್ಸ್‌ಯುವಿ700 ಮಾದರಿಯ 1,08,306 ಗಾಡಿಗಳನ್ನು ತಪಾಸಣೆಗೆ ಕರೆಯಿತು. ಎಂಜಿನ್ನಿನ ಬಳಿ ಹಾಯ್ದುಹೋಗುವ ತಂತಿಗಳ ಕಟ್ಟು ಉಜ್ಜಿ ಕತ್ತರಿಸಿಹೋಗುವ ಸಂಭವವಿದೆಯೆಂಬುದು ಕಾರಣ. ಓಡುವ ಗಾಡಿ ಸದಾ ಕಂಪಿಸುತ್ತದೆ. ತಂತಿಯ ಹೊದಿಕೆ ಲೋಹದ ಅಂಚಿಗೆ ತಾಗಿದ್ದರೆ ದಿನದಿನಕ್ಕೂ ಕೂದಲೆಳೆಯಷ್ಟು ಸವೆಯುತ್ತದೆ. ಹೊರಗೆ ಯಾವ ಚಿಹ್ನೆಯೂ ಕಾಣದು. ಒಂದು ದಿನ ಒಳಗಿನ ತಾಮ್ರ ಬಯಲಾಗಿ ಲೋಹವನ್ನು ಮುಟ್ಟುತ್ತದೆ. ಎಷ್ಟೇ ಚತುರನಾದ ಮಿಸ್ತ್ರಿಯೂ ಟೈರನ್ನು ಒದ್ದು, ಎಂಜಿನ್ನಿನ ಸದ್ದು ಕೇಳಿ ಇದನ್ನು ಹೇಳಲಾರನು.

ಈ ಹೆಸರುಗಳನ್ನು ಹೇಳಿದುದು ಆ ಗಾಡಿಗಳನ್ನು ಹಳಿಯುವುದಕ್ಕಲ್ಲ. ಮರುಕರೆಯಾದ ಮಾದರಿ ಕೆಟ್ಟದ್ದು, ಆಗದಿರುವುದು ಒಳ್ಳೆಯದು ಎಂಬ ಭಾವನೆ ಜನರಲ್ಲಿದೆ. ಇದು ತಪ್ಪು. ಮನುಷ್ಯ ಮಾಡಿದ ಯಂತ್ರದಲ್ಲಿ ದೋಷವಿರದೆ ಹೋಗದು. ಕಂಡ ದೋಷವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ಪ್ರಾಮಾಣಿಕತೆಯ ಲಕ್ಷಣ. ಅಪಾಯವಿರುವುದು ಕರೆದ ಗಾಡಿಯಲ್ಲಲ್ಲ, ಕರೆದರೂ ಹೋಗದ ಗಾಡಿಯಲ್ಲಿ.

ದೋಷ ಮೊದಲು ಗೊತ್ತಾಗುವುದು ಹೇಗೆ? ಇಲ್ಲಿ ಮಾಲಿಕನ ದೂರಿಗೆ ಮಹತ್ವ ಬರುತ್ತದೆ. ಸಾವಿರ ಗಾಡಿಗಳಲ್ಲಿ ಒಂದರಲ್ಲಿ ಒಂದು ದೋಷ ತಲೆದೋರುತ್ತದೆ ಎಂದಿಟ್ಟುಕೊಳ್ಳೋಣ. ಕಲಘಟಗಿಯ ಒಬ್ಬ ಮಿಸ್ತ್ರಿಯ ಕೈಗೆ ಆ ಮಾದರಿಯ ಐವತ್ತು ಗಾಡಿಗಳು ಬಂದರೆ ಆತ ಅದನ್ನು ನೋಡುವ ಸಂಭವ ಇಪ್ಪತ್ತರಲ್ಲಿ ಒಂದು ಪಾಲು. ನೋಡಿದರೂ, ಇದು ಈ ಗಾಡಿಯ ಹಣೆಬರಹ ಎಂದು ತಂತಿ ಸುತ್ತಿ ಕಳಿಸುತ್ತಾನೆ. ಅದೇ ಮಾದರಿಯ ಒಂದು ಲಕ್ಷ ಗಾಡಿಗಳ ಲೆಕ್ಕ ಒಂದೆಡೆ ಕೂಡಿದರೆ ದೂರುಗಳು ನೂರಾಗುತ್ತವೆ. ಹಣೆಬರಹ ಎನಿಸಿದ್ದು ನಿಯಮವಾಗಿ ಕಾಣುತ್ತದೆ. ಒಂಟಿ ದೂರು ಗೊಣಗಾಟ. ಕೂಡಿಸಿ ಎಣಿಸಿದ ದೂರು ವಿಜ್ಞಾನದ ಸಾಮಗ್ರಿ. ಬರೆಯದೆ ಬಿಟ್ಟ ದೂರು ಬೇವಿನ ಮರದ ಕೆಳಗಿನ ಗ್ಯಾರೇಜಿನಲ್ಲಿಯೇ ಸತ್ತುಹೋಗುತ್ತದೆ. ದೂರನ್ನು ಕೂಡಿಸುವ ಬಲ ಈ ಸೀಮೆಗೆ ಹೊಸದಲ್ಲ: 1980ರ ಜುಲೈಯಲ್ಲಿ ನವಲಗುಂದ, ನರಗುಂದಗಳ ರೈತರು ಮಲಪ್ರಭೆಯ ನೀರಾವರಿ ಕರದ ವಿಷಯದಲ್ಲಿ ಒಟ್ಟಾಗಿ ಎತ್ತಿದ ದನಿಯನ್ನು ರಾಜ್ಯವೆಲ್ಲ ಕೇಳಿತು.

ಇನ್ನು ಕಾನೂನಿನ ಮಾತು. ಅಮೆರಿಕದಲ್ಲಿ 1966ರಲ್ಲಿಯೇ ವಾಹನ ಸುರಕ್ಷತೆಯ ಕಾಯಿದೆ ಬಂದಿತು. ನಮ್ಮಲ್ಲಿ 2012ರಲ್ಲಿ ತಯಾರಕರ ಸಂಘವು ಸ್ವಇಚ್ಛೆಯ ಮರುಕರೆಗೆ ಒಂದು ನಿಯಮಾವಳಿಯನ್ನು ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಯಿರೆಂದು ಆಜ್ಞಾಪಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಬಂದಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಮಾರಾಟದ ಪ್ರಮಾಣಕ್ಕೆ ತಕ್ಕಂತೆ ಗೊತ್ತಾದಷ್ಟು ದೂರುಗಳು ಕೂಡಿದರೆ ವಿಚಾರಣೆಗೆ ಅವಕಾಶವುಂಟು. ಇದು ಸಂತೋಷದ ವಿಷಯ. ಆದರೆ ಈ ನಿಯಮಗಳು ತಯಾರಾಗಿ ಏಳು ವರ್ಷ ಮೀರದ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತವೆ. ಹಳ್ಳಿಗೆ ಬರುವ ಗಾಡಿ ಐದಾರು ವರ್ಷ ಕಳೆದೇ ಬರುತ್ತದೆ. ಹೊಸ ಮಾಲಿಕನಿಗೆ ಅದರ ಗುಣದೋಷ ಅರಿವಾಗುವ ಹೊತ್ತಿಗೆ ಕಾನೂನಿನ ಬಾಗಿಲು ಮುಚ್ಚಿರುತ್ತದೆ.

ಈ ಮಿತಿ ವಿಜ್ಞಾನಕ್ಕೆ ಒಪ್ಪುವಂತಹದೆ? ಜಪಾನಿನ ತಕಾತಾ ಕಂಪನಿಯ ಗಾಳಿಚೀಲಗಳ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಡಿಕ್ಕಿಯಾದಾಗ ಕಣ್ಣೆವೆಯಿಕ್ಕುವುದರೊಳಗೆ ಚೀಲವನ್ನು ಉಬ್ಬಿಸಲು ಅದರಲ್ಲಿ ಅಮೋನಿಯಂ ನೈಟ್ರೇಟಿನ ಬಿಲ್ಲೆಗಳನ್ನು ಇಟ್ಟಿದ್ದರು. ವರ್ಷಾನುಗಟ್ಟಲೆ ಹಗಲಿನ ಕಾವು, ಇರುಳಿನ ತಂಪು ಮತ್ತು ಗಾಳಿಯ ತೇವಗಳಿಗೆ ಒಳಗಾಗಿ ಬಿಲ್ಲೆಗಳು ಸಡಿಲಗೊಂಡವು. ಸಡಿಲವಾದ ಬಿಲ್ಲೆಯಲ್ಲಿ ಉರಿಯುವ ಮೇಲ್ಮೈ ಹೆಚ್ಚು. ಆದುದರಿಂದ ಅದು ಮಿತಿಮೀರಿದ ವೇಗದಿಂದ ಉರಿದು ಲೋಹದ ಕರಂಡವನ್ನೇ ಒಡೆದು ಚೂರುಗಳನ್ನು ಎರಚುತ್ತಿತ್ತು. ರಕ್ಷಿಸಬೇಕಾದ ಸಾಧನವೇ ಪ್ರಾಣ ತೆಗೆಯಿತು. ಜಗತ್ತಿನಾದ್ಯಂತ ಹತ್ತು ಕೋಟಿಗೆ ಹತ್ತಿರದ ಇಂತಹ ಸಾಧನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಭಾರತದ ಗಾಡಿಗಳೂ ಅವುಗಳಲ್ಲಿದ್ದವು. 2017ರಲ್ಲಿ ಆ ಕಂಪನಿ ದಿವಾಳಿಯಾಯಿತು. ಈ ದೋಷ ಹೊಸ ಗಾಡಿಯಲ್ಲಿ ನಿರುಪದ್ರವಿ, ಹಳತಾದಷ್ಟೂ ಘಾತುಕ. ಇಂತಹ ಹುಟ್ಟುದೋಷಕ್ಕೆ ಏಳು ವರ್ಷದ ಗೆರೆ ಎಳೆಯುವುದು, ಹಾವು ಮರಿಯಾಗಿದ್ದಾಗ ಮಾತ್ರ ಹಿಡಿಯುತ್ತೇವೆ ಎಂದಂತೆ.

ಹಳೆಯ ಗಾಡಿಯ ಮಾಲಿಕನಿಗೆ ಇನ್ನೂ ಒಂದು ತೊಡಕುಂಟು. ನಮ್ಮ ಕಡೆ ಮದುವೆ ದಿಬ್ಬಣಗಳಿಗೂ ಬಾಡಿಗೆಗೂ ಬಹಳ ಓಡಿದ ಶೆವರ್ಲೆ ಟವೇರಾ ಗಾಡಿ ವಾಚಕರಿಗೆ ನೆನಪಿರಬಹುದು. 2005ರಿಂದ 2013ರವರೆಗೆ ತಯಾರಾದ ಸುಮಾರು 1 ಲಕ್ಷ 14 ಸಾವಿರ ಟವೇರಾಗಳನ್ನು, ಹೊಗೆಯ ಪ್ರಮಾಣವೇ ಮೊದಲಾದ ಕಾರಣಗಳಿಗಾಗಿ, 2013ರಲ್ಲಿ ಜನರಲ್ ಮೋಟಾರ್ಸ್ ಹಿಂದಕ್ಕೆ ಕರೆಯಿತು. ಅದೇ ಕಂಪನಿ 2017ರ ಕೊನೆಗೆ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ತಯಾರಕನು ಅಂಗಡಿ ಕಟ್ಟಿದರೂ ಗಾಡಿ ಊರಿನಲ್ಲಿ ಉಳಿಯುತ್ತದೆ. ಗಾಡಿಯ ಆಯುಷ್ಯ ಮಾರಾಟದ ಆಯುಷ್ಯಕ್ಕಿಂತ ದೀರ್ಘವೆಂಬುದನ್ನು ಕಾನೂನು ಮನಗಾಣಬೇಕು.

ನಮ್ಮ ಮಾತಿಗೆ ಆಕ್ಷೇಪಣೆ ಇಲ್ಲದಿಲ್ಲ. ಹದಿನೈದು ವರ್ಷದ ಗಾಡಿಗೂ ತಯಾರಕ ಹೊಣೆಯಾಗಬೇಕೆಂದರೆ ವ್ಯಾಪಾರ ನಡೆಯುವುದು ಹೇಗೆ ಎಂದು ಕೇಳಬಹುದು. ರಸ್ತೆಯ ದುರ್ಮರಣಗಳಲ್ಲಿ ಹೆಚ್ಚಿನವಕ್ಕೆ ಅತಿವೇಗವೇ ಮೊದಲಾದ ಮನುಷ್ಯನ ತಪ್ಪುಗಳು ಕಾರಣ, ಯಂತ್ರದ ದೋಷವಲ್ಲ ಎಂದೂ ಹೇಳಬಹುದು. ಎರಡನೆಯ ಮಾತು ನಿಜ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರ ಲೆಕ್ಕವನ್ನು ಮರುಕರೆಯೊಂದೇ ಇಳಿಸಲಾರದು. ಆದರೆ ವೇಗವನ್ನು ಮಾಲಿಕ ತಾನೇ ತಡೆದುಕೊಳ್ಳಬಲ್ಲ. ಕಾಣದ ದೋಷವನ್ನು ಹೇಗೆ ತಡೆದಾನು? ಮೊದಲನೆಯ ಆಕ್ಷೇಪಣೆಗೆ ನಮ್ಮ ಉತ್ತರವಿಷ್ಟು: ಸವೆತಕ್ಕೆ ವಯಸ್ಸಿನ ಮಿತಿ ನ್ಯಾಯವಾದುದು, ಪ್ರಾಣಕ್ಕೆ ಎರವಾಗುವ ಹುಟ್ಟುದೋಷಕ್ಕೆ ಅಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲು, ಮರುಕರೆಯು ಮಾಲಿಕನನ್ನಲ್ಲ, ಗಾಡಿಯನ್ನು ಹಿಂಬಾಲಿಸಬೇಕು. ಗಾಡಿ ಕೈ ಬದಲಾಯಿಸುವಾಗ ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯಲ್ಲಿ ಹೊಸ ಹೆಸರು ಏರಲೇಬೇಕು. ಆ ಹೊತ್ತಿನಲ್ಲಿ ಬಾಕಿಯಿರುವ ಮರುಕರೆ ಉಂಟೆ ಎಂದು ನೋಡಿ ಕೊಳ್ಳುವವನಿಗೆ ಬರಹದಲ್ಲಿ ತಿಳಿಸುವುದು ಕಷ್ಟದ ಕೆಲಸವಲ್ಲ. ಎರಡನೆಯದಾಗಿ, ಎಚ್ಚರಿಕೆ ಕನ್ನಡದಲ್ಲಿ ಬರಬೇಕು. ಗ್ರಾಮ ಪಂಚಾಯತಿಯ ಹಲಗೆಯ ಮೇಲೂ ಸಂತೆಯ ದಿನ ಪೆಟ್ರೋಲ್ ಬಂಕಿನಲ್ಲೂ ಕಾಣಬೇಕು. ಮೂರನೆಯದಾಗಿ, ಏಳು ವರ್ಷದ ಮಿತಿಯನ್ನು ಸರಕಾರವು ಮರುವಿಮರ್ಶೆ ಮಾಡಬೇಕು.

ಇವೆಲ್ಲ ಆಗುವವರೆಗೆ ನಮ್ಮ ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ಪ್ರತಿಯೊಂದು ಗಾಡಿಗೂ ಹದಿನೇಳು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆಯುಂಟು. ಚಾಸಿಯ ಮೇಲೆ ಅದನ್ನು ಕೆತ್ತಿರುತ್ತಾರೆ, ನೋಂದಣಿ ಪತ್ರದಲ್ಲಿ ಬರೆದಿರುತ್ತಾರೆ. ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಈ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿಯೋ, ಅಧಿಕೃತ ಸೇವಾಕೇಂದ್ರದಲ್ಲಿ ತೋರಿಸಿಯೋ ಮರುಕರೆ ಬಾಕಿಯಿದೆಯೆ ಎಂದು ಕೇಳಬಹುದು. ನೀವು ಎಷ್ಟನೆಯ ಮಾಲಿಕರೆಂಬುದು ಮುಖ್ಯವಲ್ಲ. ದೋಷ ಕಂಡರೆ ದಿನಾಂಕ, ಓಡಿದ ದೂರ, ಆಗಿನ ಹವೆ, ಕಂಡ ಲಕ್ಷಣ ಇವನ್ನು ಪ್ರಯೋಗಶಾಲೆಯ ಟಿಪ್ಪಣಿಯಂತೆ ಬರೆದಿಟ್ಟು ಸೇವಾಕೇಂದ್ರಕ್ಕೂ ಕೇಂದ್ರ ಸಾರಿಗೆ ಇಲಾಖೆಗೂ ತಿಳಿಸಿರಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮನೆಯ ಅಂಗಳದಲ್ಲಿ ನಿಂತ ಗಾಡಿಗೆ ದಸರೆಯಂದು ಹೂವೇರಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತೇವೆ. ಒಳಗೆ ಕೂರುವವರು ಕ್ಷೇಮವಾಗಿ ಮರಳಲಿ ಎಂಬುದು ಅದರ ಆಶಯ. ಪೂಜೆಯ ಮುನ್ನಾದಿನ ಮನೆಯ ಓದುವ ಹುಡುಗನೋ ಹುಡುಗಿಯೋ ಆ ಹದಿನೇಳು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ವಿಚಾರಿಸಿ ಬಂದರೆ ಆ ಆಶಯಕ್ಕೆ ಬಲ ಬಂದೀತು. ವಿಜ್ಞಾನವನ್ನು ಓದಿದುದರ ಪ್ರಯೋಜನವು ಮನೆಯವರಿಗೆ ಮೊದಲು ದೊರೆಯಬೇಕಲ್ಲವೆ?