ಬಿಡುವಿನ ವೇಳೆ: ಡಾಕ್ಟರು ವೆಬ್ ಪುಟ ಕಟ್ಟಿದ ಕಥೆ



ಕಳೆದ ವರ್ಷ ಈ ಅಂಕಣದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಮೇಲೂ ಯುಗಾದಿಯ ಊಟದಲ್ಲಿ ಎಷ್ಟು ಹೋಳಿಗೆ ಖಾಲಿಯಾದವು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಈ ಸಲ ಉಪದೇಶ ಬೇಡ, ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ.

2004ರಲ್ಲಿ ನಮ್ಮ ಸಂಘಕ್ಕೊಂದು ವೆಬ್‌ಸೈಟ್ ಬೇಕೆಂದು ಸಮಿತಿಯಲ್ಲಿ ತೀರ್ಮಾನವಾಯಿತು. ಸಭೆಯಲ್ಲಿದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಸಾಫ್ಟ್‌ವೇರ್ ಎಂಜಿನಿಯರುಗಳು. ಕೆಲಸ ಎಷ್ಟು ದಿನ ಹಿಡಿಯುತ್ತದೆಂದು ಗೊತ್ತಿದ್ದ ಆ ಒಂಬತ್ತು ಮಂದಿಯೂ ಚುರುಮುರಿಯ ಕಡೆ ಗಮನ ಹರಿಸಿದರು. ಏನೂ ಗೊತ್ತಿಲ್ಲದ ನಾನು ಕೈ ಎತ್ತಿದೆ. ಆಗ ನನಗೆ ಮೂವತ್ತಾರು. ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ಹೆಣ ಕೊಯ್ದು ಅಂಗರಚನೆ ಕಲಿತವನಿಗೆ ಈ ವೆಬ್ ಪುಟ ಯಾವ ಲೆಕ್ಕ ಎಂಬ ಹುಂಬತನ.

ನಾನು ಆರಿಸಿಕೊಂಡದ್ದು ಫ್ರಂಟ್‌ಪೇಜ್ 2003. ವರ್ಮೀರ್ ಎಂಬ ಸಣ್ಣ ಕಂಪನಿ 1995ರಲ್ಲಿ ತಯಾರಿಸಿದ್ದ ಈ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಮರುವರ್ಷವೇ ಕೊಂಡುಕೊಂಡಿತ್ತು. ವರ್ಡ್‌ನಲ್ಲಿ ಪತ್ರ ಟೈಪ್ ಮಾಡಬಲ್ಲ ಯಾರಾದರೂ ಇದರಲ್ಲಿ ಪುಟ ಕಟ್ಟಬಹುದಿತ್ತು. ಪರದೆಯ ಕೆಳಗೆ ನಾಲ್ಕು ಗುಂಡಿಗಳು: ಡಿಸೈನ್, ಸ್ಪ್ಲಿಟ್, ಕೋಡ್, ಪ್ರಿವ್ಯೂ. ಡಿಸೈನ್‌ನಲ್ಲಿ ನಾವು ಚಿತ್ರ ಎಳೆದು ಕೂರಿಸಿದರೆ, ಬಣ್ಣ ಬಳಿದರೆ, ಅದಕ್ಕೆ ತಕ್ಕ ಎಚ್‌ಟಿಎಂಎಲ್ ಸಂಕೇತಗಳನ್ನು ಅದೇ ಒಳಗೊಳಗೆ ಬರೆದುಕೊಳ್ಳುತ್ತಿತ್ತು. ಕೋಡ್ ಗುಂಡಿಯನ್ನು ನಾನು ಒಮ್ಮೆ ಒತ್ತಿ, ಬೆಚ್ಚಿ, ಮತ್ತೆ ಮುಟ್ಟಲಿಲ್ಲ.

ಡಿಸೈನ್‌ನಲ್ಲಿ ಮಾತ್ರ ನನ್ನದೇ ರಾಜ್ಯ. ಉರಿಯುವ ದೀಪಗಳು, ಬಲದಿಂದ ಎಡಕ್ಕೆ ಓಡುವ 'ಸುಸ್ವಾಗತ', ಎಷ್ಟು ಜನ ಬಂದರೆಂದು ಎಣಿಸುವ ಯಂತ್ರ, ಎಲ್ಲ ಹಾಕಿದೆ. ಆ ಎಣಿಕೆಯಲ್ಲಿ ಅರ್ಧ ನಾನೇ ದಿನಕ್ಕೆ ಹತ್ತು ಸಲ ತೆರೆದು ನೋಡಿದ್ದು.

ಕಷ್ಟವಾದದ್ದು ಕನ್ನಡ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಫಾಂಟೂ ಬಂದಿತ್ತು. ಆದರೆ ನಮ್ಮಲ್ಲಿ ಅದನ್ನು ಬಳಸುವವರು ಕಡಿಮೆ, ಅರಿತವರು ಇನ್ನೂ ಕಡಿಮೆ. ನಾನು ಹಳೆಯ ಬಗೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೆ. ಆ ಫಾಂಟು ಇಲ್ಲದವರ ಕಂಪ್ಯೂಟರಿನಲ್ಲಿ ಅದು ಕಾಣುತ್ತಿರಲಿಲ್ಲ. ಹಾಗಾಗಿ ಬರಹವನ್ನೇ ಚಿತ್ರವಾಗಿ ಉಳಿಸಿ ಪುಟಕ್ಕೆ ಅಂಟಿಸಿದೆ. ಡಯಲ್‌ಅಪ್ ಇದ್ದವರು ಚಿತ್ರ ಇಳಿಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾಗುತ್ತದೆ ಎಂದು ದೂರಿದರು. ಆಮೇಲಿನ ಪುಟಗಳಲ್ಲಿ ಚಿತ್ರ ಬಿಟ್ಟು ಅಕ್ಷರಗಳನ್ನೇ ಹಾಕಿ, 'ಮೊದಲು ಈ ಫಾಂಟ್ ಇಳಿಸಿಕೊಳ್ಳಿ' ಎಂದು ಮೇಲೊಂದು ಸೂಚನೆ ಬರೆದೆ.

ಹೀಗೆ ಹಾಕಿದ ಪುಟಗಳಲ್ಲಿ ಮುಖ್ಯವಾದದ್ದು ನಮ್ಮ ಅಪ್ಪಯ್ಯನ ಬರಹ. ಅವರು ಸಾಗರದಲ್ಲಿ ಹೈಸ್ಕೂಲು ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಶರಾವತಿ ದಂಡೆಯ ನಮ್ಮ ಊರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆಗ ಅಪ್ಪಯ್ಯನಿಗೆ ಇಪ್ಪತ್ತಾರು. ಮನೆ, ತೋಟ, ದೇವಸ್ಥಾನ, ಯಾರ ಮನೆಯ ಮುಂದೆ ಯಾವ ಮರವಿತ್ತು ಎಂಬುದೆಲ್ಲ ಬರೆದು ಎಂಟು ಕಂತು ಮಾಡಿ ಅಂಚೆಯಲ್ಲಿ ಕಳಿಸಿದ್ದರು. ಮೊದಲ ಮೂರು ಕಂತು ಚಿತ್ರವಾಗಿ, ಉಳಿದ ಐದು ಹಳೆಯ ಫಾಂಟಿನಲ್ಲಿ ಸಂಘದ ತಾಣ ಸೇರಿದವು. ಅಪ್ಪಯ್ಯ ಸಾಗರದ ಸೈಬರ್ ಕೆಫೆಗೆ ಹೋಗಿ, ಪರದೆಯನ್ನು ಮಾರು ದೂರದಿಂದಲೇ ನೋಡಿ, "ಚಂದ ಕಾಣ್ತು ತಮ್ಮಾ" ಎಂದು ಫೋನಿನಲ್ಲಿ ಹೇಳಿದರು. ಇಲ್ಲಿಯ ಸ್ನೇಹಿತರೂ ಅದನ್ನೇ ಹೇಳಿದರು. ನಾನು ಹಿಗ್ಗಿದೆ.

ಆಮೇಲೆ ಕಾಲ ತನ್ನ ಕೆಲಸ ಮಾಡಿತು. 2006ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಫ್ರಂಟ್‌ಪೇಜನ್ನು ಕೈಬಿಟ್ಟಿತು. ನಾನೂ ಆಸ್ಪತ್ರೆಯ ಕೆಲಸದಲ್ಲಿ ಮುಳುಗಿದೆ. 2011ರಲ್ಲಿ ನಮ್ಮ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿ ಅಪ್ಪಯ್ಯನ ಹಸ್ತಪ್ರತಿ ಮುದ್ದೆಯಾಯಿತು. "ವೆಬ್‌ಸೈಟಿನಲ್ಲಿ ಇದೆಯಲ್ಲ" ಎಂದು ಸಮಾಧಾನ ಮಾಡಿಕೊಂಡೆ.

ಅಪ್ಪಯ್ಯನಿಗೆ ಗ್ಲಾಕೋಮಾ. ಅನೇಕರಲ್ಲಿ ಈ ಕಾಯಿಲೆ ನೋವಿಲ್ಲದೆ, ಸದ್ದಿಲ್ಲದೆ, ದೃಷ್ಟಿಯ ಅಂಚಿನಿಂದ ಒಳಕ್ಕೆ ಬರುತ್ತದೆ. ಹೋದ ದೃಷ್ಟಿ ವಾಪಸು ಬರುವುದಿಲ್ಲ. 2023ರ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ನನ್ನ ಅಕ್ಕನ ಮಗ ಅವರಿಗೆಂದು ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಟ್ಟ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತದೆ. ಅಪ್ಪಯ್ಯ ಮೊದಲು ಕೇಳಿದ್ದು ದಿನಪತ್ರಿಕೆ. ಎರಡನೆಯದು, "ನಾನು ಬರೆದದ್ದು ಓದಿಸು."

ಒಂದು ಭಾನುವಾರ ಬೆಳಗ್ಗೆ ಫೋನು ಬಂತು. "ಮಾವ, ಮೊದಲ ಮೂರು ಕಂತಿಗೆ ಕಂಪ್ಯೂಟರು ಬಾಯೇ ಬಿಡುವುದಿಲ್ಲ. ಉಳಿದದ್ದಕ್ಕೆ ಏನೇನೋ ಬಡಬಡಿಸುತ್ತದೆ." ಹಿಂದಿನಿಂದ ಅಪ್ಪಯ್ಯನ ದನಿ: "ಇದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಏನು ಬರೆದಿಟ್ಟಿದ್ದೀಯೋ ತಮ್ಮಾ?"

ಹತ್ತೊಂಬತ್ತು ವರ್ಷಗಳ ನಂತರ ಕೋಡ್ ತೆರೆದು ನೋಡಿದೆ. ಅಲ್ಲಿ ಅಪ್ಪಯ್ಯನ ಒಂದು ಮಾತೂ ಇರಲಿಲ್ಲ. ಮೊದಲ ಮೂರು ಕಂತುಗಳ ಜಾಗದಲ್ಲಿ ಬರೀ ಚಿತ್ರಗಳ ಫೈಲುಗಳ ಹೆಸರು. ಚಿತ್ರಕ್ಕೆ ಬದಲಿಯಾಗಿ 'ಆಲ್ಟ್' ಎಂದು ನಾಲ್ಕು ಮಾತು ಬರೆಯುವ ಸೌಲಭ್ಯ ಆಗಲೂ ಇತ್ತು, ನಾನು ಬರೆದಿರಲಿಲ್ಲ. ಉಳಿದ ಐದು ಕಂತಿನಲ್ಲಿ 'ಕನ್ನಡ' ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು! ಹಳೆಯ ಫಾಂಟು ಮಾಡಿದ್ದು ಇಷ್ಟೇ: 80ನೆಯ ಸ್ಥಾನದಲ್ಲಿ ಕೂತಿದ್ದ ಪಿ ಅಕ್ಷರಕ್ಕೆ 'ಕ'ದ ವೇಷ ಹಾಕಿತ್ತು. ಕಣ್ಣಿಗೆ ಕ, ಯಂತ್ರಕ್ಕೆ ಪಿ. ಯೂನಿಕೋಡ್‌ನಲ್ಲಾದರೆ ಕ ಅಕ್ಷರಕ್ಕೆ ಅದರದೇ ಸಂಖ್ಯೆ, 3221, ಫಾಂಟು ಯಾವುದೇ ಇರಲಿ. ಸಾಲದೆಂಬಂತೆ, ಇದು ಅಮೆರಿಕದ ಇಂಗ್ಲಿಷ್ ಪುಟ ಎಂದು ಫ್ರಂಟ್‌ಪೇಜ್ ನನ್ನನ್ನು ಕೇಳದೆಯೇ ಪುಟದ ತಲೆಯಲ್ಲಿ ಬರೆದಿತ್ತು.

ರೋಗಿಯ ಮುಖ ನೋಡಿ ಬಿಪಿ ಹೇಳಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನು. ಮುಖ ಮಾತ್ರ ನೋಡಿ ಪುಟ ಕಟ್ಟಿದ್ದೆ.

ಐವತ್ತೈದರಲ್ಲಿ ಮತ್ತೆ ಪಾಠ ಶುರು. ಗುರು ನನ್ನ ಮಗಳು. ಈ ಸಲದ ಸಲಕರಣೆ ವರ್ಡ್‌ಪ್ರೆಸ್, 2018ರಿಂದ ಅದರಲ್ಲೂ ತುಂಡು ತುಂಡಾಗಿ ಜೋಡಿಸಿ, ಕಣ್ಣಿಂದ ನೋಡುತ್ತಲೇ ಪುಟ ಕಟ್ಟಬಹುದು. ನಾನು ಎಂದಿನಂತೆ ಬಣ್ಣ ಹುಡುಕಹೊರಟೆ. ಅವಳು ಮೌಸ್ ಕಿತ್ತುಕೊಂಡಳು. "ಅಪ್ಪ, ಬಣ್ಣ ಆಮೇಲೆ. ಇದು ಶೀರ್ಷಿಕೆಯೋ, ಪ್ಯಾರಾವೋ? ಅದನ್ನು ಮೊದಲು ಹೇಳು." ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ, ಶೀರ್ಷಿಕೆ ಎಂದು ಗುರುತು ಹಾಕಬೇಕು ಎಂದು ಆಗ ತಿಳಿಯಿತು. ಹಾಗೆ ಗುರುತು ಹಾಕಿದರೆ ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತುತ್ತ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ಭಾಷೆ ಕನ್ನಡ ಎಂದು ಪುಟದಲ್ಲಿ ನಮೂದಿಸಬೇಕು. ಪ್ರತಿ ಚಿತ್ರಕ್ಕೂ ನಾಲ್ಕು ಮಾತಿನ ವಿವರಣೆ ಕೊಡಬೇಕು. ಕೊನೆಗೆ ಮೌಸನ್ನು ಡ್ರಾಯರಿಗೆ ಹಾಕಿ, ಪರದೆ ಆರಿಸಿ, ಕೇಳಿ ನೋಡಬೇಕು. ಅವಳ ಪಾಠದ ಸಾರ ಇಷ್ಟೇ. ಹಳೆಯ ತಂತ್ರಾಂಶದ್ದೇ ಎಲ್ಲ ತಪ್ಪೆಂದು ನಾನು ಹೇಳಲಾರೆ. ಕೋಡ್ ಗುಂಡಿ ಅಲ್ಲೇ ಇತ್ತು.

ಐದು ಕಂತುಗಳನ್ನು ಪರಿವರ್ತಕ ತಂತ್ರಾಂಶ ಯೂನಿಕೋಡ್‌ಗೆ ತಂದಿತು. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು, ತಿದ್ದಿದೆ. ಚಿತ್ರವಾಗಿದ್ದ ಮೂರು ಕಂತುಗಳನ್ನು ಆಸ್ಪತ್ರೆಯಿಂದ ಬಂದ ಮೇಲೆ ದಿನಕ್ಕೊಂದು ಪುಟದಂತೆ, ಭೂತಗನ್ನಡಿ ಹಿಡಿದು ಮತ್ತೆ ಟೈಪ್ ಮಾಡಿದೆ. ಮಾಡುತ್ತ ಮಾಡುತ್ತ ನನಗೊಂದು ಗುಟ್ಟು ತಿಳಿಯಿತು. 2004ರಲ್ಲಿ ನಾನು ಈ ಬರಹವನ್ನು ಟೈಪ್ ಮಾಡಿದ್ದೆನೇ ಹೊರತು ಓದಿರಲಿಲ್ಲ. ನಮ್ಮ ಅಜ್ಜಿ ನೀರು ಏರುವ ಹಿಂದಿನ ದಿನ ತುಳಸಿಕಟ್ಟೆಗೆ ಸಗಣಿ ಸಾರಿಸಿದ್ದರೆಂಬುದು ನನಗೆ ಈಗಷ್ಟೇ ತಿಳಿಯಿತು.

ಮುಂದಿನ ಭಾನುವಾರ ಅಕ್ಕನ ಮಗ ಮೊದಲ ಕಂತು ಹಾಕಿದ. ನಾನು ಇಲ್ಲಿಂದ ಫೋನಿನಲ್ಲಿ ಕೇಳುತ್ತಿದ್ದೆ. ಯಂತ್ರದ ದನಿ ಒರಟು, ಏರಿಳಿತವಿಲ್ಲ. ಆದರೂ ಅಪ್ಪಯ್ಯ ಉಸಿರು ಬಿಗಿಹಿಡಿದು ಕೇಳುತ್ತಿದ್ದುದು ಗೊತ್ತಾಗುತ್ತಿತ್ತು. ನಡುವೆ ತಟ್ಟನೆ, "ನಿಲ್ಲಿಸು, ನಿಲ್ಲಿಸು. ಹಿಂದಿನ ಸಾಲು ಮತ್ತೆ ಹಾಕು" ಎಂದರು. ಯಂತ್ರ ಓದಿತು: 'ಅಬ್ಬೆಯ ಸದ್ದು ಕೇಳದಿದ್ದರೆ ನಮಗೆ ನಿದ್ದೆ ಬರುತ್ತಿರಲಿಲ್ಲ.'

"ಅಬ್ಬೆ ಅಲ್ಲವೋ, ಅಬ್ಬಿ!"

ಅಬ್ಬೆ ಎಂದರೆ ತಾಯಿ. ಅಬ್ಬಿ ಎಂದರೆ ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ಹರಿಸಿ ತಂದು ಮನೆಯ ಹಿಂದೆ ಬೀಳಿಸುವ ಧಾರೆ. ಮಲೆನಾಡಿನವರಿಗೆ ಗೊತ್ತು, ಹಗಲೂ ರಾತ್ರಿ ಅದರದೊಂದೇ ಸಮನೆ ಸದ್ದು. ಒಂದು ಗುಣಿಸು ತಪ್ಪಿ ನಮ್ಮ ಮನೆಯ ನೀರನ್ನೇ ನಾನು ಕಳೆದಿದ್ದೆ. ಹತ್ತೊಂಬತ್ತು ವರ್ಷ ಎಲ್ಲರೂ ಆ ಪುಟವನ್ನು ನೋಡಿ ಚಂದ ಅಂದರು. ತಪ್ಪು ಹಿಡಿದದ್ದು ಕಣ್ಣಿಲ್ಲದವರು.

ತಿದ್ದಿದೆ. ಅರ್ಧ ನಿಮಿಷದ ಕೆಲಸ. ಎಂಟೂ ಕಂತು ಕೇಳಿ ಮುಗಿಸಿದ ಅಪ್ಪಯ್ಯ ಈಗ ಒಂಬತ್ತನೆಯದನ್ನು ಮೊಮ್ಮಗನಿಗೆ ಹೇಳಿ ಬರೆಸುತ್ತಿದ್ದಾರೆ. ಗ್ಲಾಕೋಮಾ ವಂಶದಲ್ಲಿ ಹರಿದು ಬರುವ ಕಾಯಿಲೆಯಾದ್ದರಿಂದ ನಾನೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸುತ್ತೇನೆ. ತಂದೆ ತಾಯಿಗೆ ಇದ್ದವರು ನೀವೂ ಮಾಡಿಸಿ. (ಉಪದೇಶ ಬೇಡ ಎಂದಿದ್ದೆ, ಕ್ಷಮಿಸಿ.) ಮುಂದೊಂದು ದಿನ ಆ ಪುಟಗಳನ್ನು ನಾನೇ ಕಿವಿಯಿಂದ ಓದಬೇಕಾಗಿ ಬಂದರೆ, ಅಬ್ಬಿ ಅಲ್ಲಿ ಅಬ್ಬಿಯಾಗಿಯೇ ಇದೆ.

ನಿಮ್ಮ ಮನೆಯ ಹಳೆಯ ಸಿಡಿಯಲ್ಲಿ, ಹಳೆಯ ಫಾಂಟಿನಲ್ಲಿ ಯಾರದಾದರೂ ಬರಹವಿದ್ದರೆ, ಈ ಹಬ್ಬದ ರಜೆಯಲ್ಲಿ ತೆರೆಯಿರಿ. ಬರೆದವರು ಇರುವಾಗಲೇ ಒಮ್ಮೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.