ಕೊಲಂಬಸನ ಹೆಸರಿನ ರಜಾದಿನ

೧೪೯೨ನೆಯ ಇಸವಿಯ ಅಕ್ಟೋಬರ್ ೧೨ರ ನಸುಕು. ಅಟ್ಲಾಂಟಿಕ್ ಮಹಾಸಾಗರದಲ್ಲಿ ಪಶ್ಚಿಮಾಭಿಮುಖವಾಗಿ ಸಾಗುತ್ತಿದ್ದ ಮೂರು ಹಡಗುಗಳ ಪೈಕಿ ಎಲ್ಲಕ್ಕಿಂತ ಮುಂದಿದ್ದ ‘ಪಿಂಟಾ’ದ ನಾವಿಕನೊಬ್ಬನು ಬೆಳುದಿಂಗಳಿನಲ್ಲಿ ದೂರದ ದಡವನ್ನು ಕಂಡು ಕೂಗಿಕೊಂಡನು. ಮೊದಲು ನೆಲವನ್ನು ಕಂಡವನಿಗೆ ವರ್ಷಕ್ಕೆ ೧೦,೦೦೦ ಮರವೇದಿ ನಾಣ್ಯಗಳ ಜೀವನಾಂಶವನ್ನು ಕೊಡುವುದಾಗಿ ಸ್ಪೇನಿನ ರಾಜದಂಪತಿಗಳು ಸಾರಿದ್ದರು. ಆ ಬಹುಮಾನ ನಾವಿಕನಿಗೆ ಸಲ್ಲಲಿಲ್ಲ. ಹಿಂದಿನ ರಾತ್ರಿಯೇ ತಾನು ದೂರದಲ್ಲೊಂದು ಬೆಳಕು ಮಿನುಗಿದುದನ್ನು ಕಂಡಿದ್ದೆನೆಂದು ಹೇಳಿ ನೌಕಾಧಿಪತಿಯಾದ ಕ್ರಿಸ್ಟೋಫರ್ ಕೊಲಂಬಸನು ಅದನ್ನು ತಾನೇ ಪಡೆದುಕೊಂಡನು. ಮುಂದೆ ನಡೆದ ಘೋರಗಳ ಎದುರಿನಲ್ಲಿ ಇದು ತೀರ ಸಣ್ಣ ಸಂಗತಿ. ಆದರೂ ಮನುಷ್ಯನ ಸ್ವಭಾವವು ಕೆಲವೊಮ್ಮೆ ಸಣ್ಣ ಸಂಗತಿಗಳಲ್ಲಿಯೇ ಮೊದಲು ಹೊರಬೀಳುತ್ತದೆ.

ಬೆಳಕು ಹರಿದ ಮೇಲೆ ಹಡಗಿನವರು ಇಳಿದ ದ್ವೀಪಕ್ಕೆ ಅಲ್ಲಿಯ ಜನರು ಗ್ವಾನಹಾನಿ ಎಂದು ಹೆಸರಿಟ್ಟಿದ್ದರು. ಕೊಲಂಬಸನು ಅದನ್ನು ಸಾನ್ ಸಾಲ್ವಡೋರ್ ಎಂದು ಕರೆದು, ಸ್ಪೇನಿನ ಬಾವುಟವನ್ನು ನೆಟ್ಟು, ನೆಲವನ್ನು ತನ್ನ ಒಡೆಯರ ವಶಕ್ಕೆ ತೆಗೆದುಕೊಂಡನು. ಟೈನೋ ಕುಲಕ್ಕೆ ಸೇರಿದ ಆ ದ್ವೀಪವಾಸಿಗಳು ಹತ್ತಿಯ ನೂಲು, ಗಿಳಿಗಳನ್ನು ತಂದು ಬಂದವರಿಗೆ ಉಡುಗೊರೆಯಿತ್ತರು. ಗಾಜಿನ ಮಣಿಗಳನ್ನು ಪಡೆದು ಹಿಗ್ಗಿದರು. ಅವರ ಸೌಮ್ಯತೆಯನ್ನು ಕೊಲಂಬಸನು ತನ್ನ ದಿನಚರಿಯಲ್ಲಿ ಮೆಚ್ಚಿ ಬರೆದಿದ್ದಾನೆ. ಅದೇ ದಿನಚರಿಯಲ್ಲಿ, ಇವರು ಒಳ್ಳೆಯ ಸೇವಕರಾಗಬಲ್ಲರೆಂದೂ ಐವತ್ತು ಮಂದಿ ಸೈನಿಕರಿದ್ದರೆ ಇವರೆಲ್ಲರನ್ನೂ ಅಡಿಯಾಳಾಗಿಸಬಹುದೆಂದೂ ಬರೆದಿದ್ದಾನೆ. ಈ ಎರಡು ಮಾತುಗಳ ನಡುವೆ ಕಳೆದುದು ಕೆಲವೇ ದಿನಗಳು.

ಇಂಥ ಮನುಷ್ಯನ ಹೆಸರಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಪ್ರತಿವರ್ಷವೂ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ರಾಷ್ಟ್ರೀಯ ರಜೆಯನ್ನು ಆಚರಿಸುತ್ತದೆ. ಆ ರಜೆಯು ಉಳಿಯಬೇಕೆ, ಅಳಿಯಬೇಕೆ ಎಂಬ ವಾದವು ಅಲ್ಲಿ ಹಲವು ದಶಕಗಳಿಂದ ನಡೆದಿದೆ. ೨೦೨೦ರಲ್ಲಿ ಸೇಂಟ್ ಪಾಲ್, ರಿಚ್ಮಂಡ್, ಬಾಲ್ಟಿಮೋರ್ ನಗರಗಳಲ್ಲಿ ಜನರು ಕೊಲಂಬಸನ ಪ್ರತಿಮೆಗಳನ್ನು ಉರುಳಿಸಿದರು. ಪ್ರತಿಮೆಯನ್ನು ಉರುಳಿಸುವುದಕ್ಕೆ ಒಂದು ಹಗ್ಗವೂ ಒಂದಷ್ಟು ಕೋಪವೂ ಸಾಕು. ರಜೆಯ ಪ್ರಶ್ನೆಯನ್ನು ತೀರ್ಮಾನಿಸುವುದಕ್ಕೆ ಬೇಕಾದುದು ವಿವೇಚನೆ.

ವಿವೇಚನೆಗೆ ತೊಡಗುವವರು ಮೊದಲು ಗಮನಿಸಬೇಕಾದುದು, ಈ ರಜೆಯನ್ನು ಬೇಡಿದವರು ಯಾರು ಎಂಬುದನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆ ಬಂದ ಇಟಲಿಯ ಬಡಜನರನ್ನು ಅಲ್ಲಿ ಮೊದಲೇ ನೆಲೆಸಿದ್ದವರು ಕೀಳಾಗಿ ಕಾಣುತ್ತಿದ್ದರು. ೧೮೯೧ರ ಮಾರ್ಚ್ ತಿಂಗಳಿನಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಹನ್ನೊಂದು ಮಂದಿ ಇಟಲಿಯವರನ್ನು ಕೊಂದುಹಾಕಿತು. ನಗರದ ಪೊಲೀಸ್ ಮುಖ್ಯಾಧಿಕಾರಿಯ ಕೊಲೆಯ ಆಪಾದನೆ ಅವರ ಮೇಲಿತ್ತು. ಆದರೆ ಅವರಲ್ಲಿ ಒಬ್ಬನನ್ನೂ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿರಲಿಲ್ಲ. ಮರುವರ್ಷ ಕೊಲಂಬಸನ ಯಾನಕ್ಕೆ ನಾನೂರು ವರ್ಷ ತುಂಬಿತು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅದನ್ನು ದೇಶವೆಲ್ಲ ಆಚರಿಸಬೇಕೆಂದು ಘೋಷಿಸಿದನು. ಜಿನೋವಾದಲ್ಲಿ ಹುಟ್ಟಿದ ಕೊಲಂಬಸನು ತಮ್ಮವನು, ಈ ದೇಶದ ಕಥೆಯ ಮೊದಲ ಪುಟದಲ್ಲಿಯೇ ತಮ್ಮವನೊಬ್ಬನ ಹೆಸರಿದೆ ಎಂದು ಹೇಳಿಕೊಳ್ಳುವುದು ಆ ಅವಮಾನಿತ ಜನರಿಗೆ ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕು! ೧೯೦೭ರಲ್ಲಿ ಕೊಲೊರಾಡೋ ರಾಜ್ಯವು ಆ ದಿನವನ್ನು ರಜೆಯೆಂದು ಶಾಸನ ಮಾಡಿತು. ೧೯೩೪ರಿಂದ ಅಧ್ಯಕ್ಷರು ಪ್ರತಿವರ್ಷ ಘೋಷಣೆ ಹೊರಡಿಸತೊಡಗಿದರು. ೧೯೬೮ರ ಕಾಯಿದೆಯಂತೆ ೧೯೭೧ರಿಂದ ಅದು ರಾಷ್ಟ್ರೀಯ ರಜೆಯಾಯಿತು.

ಹಾಗಾಗಿ ಈ ರಜೆಯನ್ನು ತೆಗೆಯಬೇಕೆಂಬ ಮಾತು ಬಂದಾಗ ಇಟಲಿ ಮೂಲದ ಅಮೆರಿಕನ್ನರು ನೋಯುವುದು ಸಹಜ. ಆ ನೋವನ್ನು ಹಗುರವಾಗಿ ಕಾಣುವವರು ಚರಿತ್ರೆಯನ್ನು ಅರ್ಧ ಮಾತ್ರ ಓದಿದವರು. ಆದರೆ ಒಂದು ಜನಾಂಗದ ಮರ್ಯಾದೆಯು ಇನ್ನೊಂದು ಜನಾಂಗದ ಸಮಾಧಿಯ ಮೇಲೆ ನಿಲ್ಲಬೇಕಾದ ಅನಿವಾರ್ಯವೇನಿದೆ? ಇಟಲಿಯು ಗೆಲಿಲಿಯೋವನ್ನು ಹೆತ್ತ ನಾಡು. ಅಮೆರಿಕದ ರಸ್ತೆ, ಸುರಂಗ, ಕಾರ್ಖಾನೆಗಳಲ್ಲಿ ಬೆವರು ಸುರಿಸಿದ ಸಾವಿರಾರು ಮಂದಿ ಹೆಸರಿಲ್ಲದ ಇಟಲಿಯ ಕೂಲಿಗಾರರಿದ್ದಾರೆ. ಅಮೆರಿಕದ ನೆಲವನ್ನು ನಿಜವಾಗಿ ಕಟ್ಟಿದವರು ಅವರು. ಕೊಲಂಬಸನಾದರೋ ಇಂದಿನ ಸಂಯುಕ್ತ ಸಂಸ್ಥಾನದ ಮುಖ್ಯ ಭೂಭಾಗದ ಮೇಲೆ ಒಮ್ಮೆಯೂ ಕಾಲಿಟ್ಟವನಲ್ಲ.

ಕೊಲಂಬಸನ ಪರವಾಗಿ ಸಾಮಾನ್ಯವಾಗಿ ಎರಡು ವಾದಗಳನ್ನು ಮುಂದಿಡುವರು. ಅವನು ಹೊಸ ಖಂಡವನ್ನು ಕಂಡುಹಿಡಿದನು ಎಂಬುದು ಮೊದಲನೆಯದು. ಜನರು ವಾಸಿಸುತ್ತಿದ್ದ, ಬೆಳೆ ಬೆಳೆಯುತ್ತಿದ್ದ, ಊರುಗಳಿಗೆಲ್ಲ ಹೆಸರಿದ್ದ ನೆಲವನ್ನು ಯಾರಾದರೂ ‘ಕಂಡುಹಿಡಿಯು’ವುದು ಹೇಗೆ? ಅವನು ಹುಡುಕಿಕೊಂಡು ಹೊರಟದ್ದು ಭಾರತ, ಚೀನ ಮೊದಲಾದ ಪೂರ್ವದೇಶಗಳನ್ನು. ಪೂರ್ವದ ಮಹಾಖಾನನಿಗೆ ಕೊಡಲು ರಾಜಪತ್ರವನ್ನೂ, ಮಾತನಾಡಿಸಲು ಅರಬ್ಬಿ ಬಲ್ಲ ದುಭಾಷಿಯನ್ನೂ ಜೊತೆಗೆ ಒಯ್ದಿದ್ದನು! ೧೫೦೬ರಲ್ಲಿ ಕಣ್ಣು ಮುಚ್ಚುವವರೆಗೂ ತಾನು ಮುಟ್ಟಿದ್ದು ಏಷ್ಯದ ಅಂಚನ್ನೇ ಎಂದು ನಂಬಿದ್ದನು. ಆ ತಪ್ಪಿನ ಫಲವಾಗಿ ಭಾರತವನ್ನು ಕಾಣದ ಜನಕ್ಕೆ ‘ಇಂಡಿಯನ್ನರು’ ಎಂಬ ಹೆಸರು ಐದು ಶತಮಾನಗಳ ಕಾಲ ಅಂಟಿಕೊಂಡಿತು. ಯೂರೋಪಿನಿಂದ ಮೊದಲು ಹೋದವನೂ ಅವನಲ್ಲ. ಕೆನಡದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಉತ್ತರ ಯೂರೋಪಿನ ನಾವಿಕರು ಕಟ್ಟಿದ್ದ ನೆಲೆಯೊಂದು ಬೆಳಕಿಗೆ ಬಂದಿದ್ದು, ಅವರು ಅಲ್ಲಿ ಮರ ಕಡಿದದ್ದು ಕ್ರಿ.ಶ. ೧೦೨೧ರಲ್ಲಿ ಎಂಬುದನ್ನು ವಿಜ್ಞಾನಿಗಳು ೨೦೨೧ರಲ್ಲಿ ಮರದ ತುಂಡುಗಳಿಂದಲೇ ಸಿದ್ಧಪಡಿಸಿದ್ದಾರೆ. ಇಷ್ಟಾದರೂ ಒಂದು ಮಾತನ್ನು ಒಪ್ಪಲೇಬೇಕು. ದಡ ಕಾಣದ ಕಡಲಿನಲ್ಲಿ ಸುಮಾರು ತೊಂಬತ್ತು ಮಂದಿಯನ್ನು ಕಟ್ಟಿಕೊಂಡು ವಾರಗಟ್ಟಲೆ ಸಾಗಿದ ಅವನ ಧೈರ್ಯವೂ ಗಾಳಿಯ ದಿಕ್ಕನ್ನರಿತ ಅವನ ಜಾಣ್ಮೆಯೂ ಅಸಾಮಾನ್ಯವಾದುವು. ಅವನನ್ನು ಹೇಡಿಯೆಂದೋ ಅಜ್ಞನೆಂದೋ ಕರೆಯುವವರು ಹುಸಿ ನುಡಿಯುತ್ತಾರೆ.

ಎರಡನೆಯ ವಾದವು ಇದಕ್ಕಿಂತ ಗಟ್ಟಿಯಾದುದು. ಅವನು ತನ್ನ ಕಾಲದ ಶಿಶು. ಇಂದಿನ ಅಳತೆಗೋಲಿನಿಂದ ಅಂದಿನವನನ್ನು ಅಳೆಯಬಾರದು ಎಂಬುದು ಆ ವಾದ. ಆದರೆ ಅವನ ಕಾಲದವರೇ ಅವನನ್ನು ಹೇಗೆ ಅಳೆದರೆಂಬುದನ್ನು ನೋಡೋಣವೆಂದರೆ ವಾದದ ಬುಡವೇ ಅಲುಗುತ್ತದೆ. ೧೪೯೩ರಲ್ಲಿ ಕೊಲಂಬಸನು ಹದಿನೇಳು ಹಡಗುಗಳೊಡನೆ ಮರಳಿ ಬಂದು ಹಿಸ್ಪನಿಯೋಲ ದ್ವೀಪದ ಅಧಿಪತಿಯಾದನು. ಚಿನ್ನ ಸಿಗುವ ಪ್ರದೇಶದಲ್ಲಿ ಹದಿನಾಲ್ಕು ವರ್ಷ ದಾಟಿದ ಪ್ರತಿಯೊಬ್ಬನೂ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಗೆಜ್ಜೆ ತುಂಬುವಷ್ಟು ಚಿನ್ನದ ಪುಡಿಯನ್ನು ಕಪ್ಪವಾಗಿ ತಂದೊಪ್ಪಿಸಬೇಕೆಂದು ವಿಧಿಸಿದನು. ಆ ಹೊಳೆಗಳಲ್ಲಿ ಅಷ್ಟು ಚಿನ್ನವೇ ಇರಲಿಲ್ಲ. ೧೪೯೫ರಲ್ಲಿ ಸುಮಾರು ಐನೂರು ಮಂದಿ ಟೈನೋಗಳನ್ನು ಮಾರುವುದಕ್ಕೆಂದು ಹಡಗುಗಳಲ್ಲಿ ತುಂಬಿ ಸ್ಪೇನಿಗೆ ಕಳುಹಿಸಿದನು; ಅವರಲ್ಲಿ ಇನ್ನೂರರಷ್ಟು ಮಂದಿ ದಾರಿಯಲ್ಲಿಯೇ ಸತ್ತು ಕಡಲಿನ ಪಾಲಾದರು. ಅವನ ಆಡಳಿತದ ಮೇಲೆ ಬಂದ ದೂರುಗಳನ್ನು ವಿಚಾರಿಸಲು ಸ್ಪೇನಿನ ರಾಜಮನೆತನವೇ ಬೊಬಾದಿಯಾ ಎಂಬ ಅಧಿಕಾರಿಯನ್ನು ಕಳುಹಿಸಿತು. ೧೫೦೦ರಲ್ಲಿ ಆ ಅಧಿಕಾರಿಯು ಕೊಲಂಬಸನಿಗೆ ಸಂಕೋಲೆ ತೊಡಿಸಿ ಸ್ಪೇನಿಗೆ ಕಳುಹಿಸಿದನು. ೧೫೧೧ರಲ್ಲಿ ಸಾಂತೊ ದೊಮಿಂಗೊದಲ್ಲಿ ಅಂತೋನಿಯೊ ದೆ ಮೊಂತೆಸಿನೋಸ್ ಎಂಬ ಪಾದ್ರಿಯು ಧನಿಕ ಸ್ಪೇನಿಯರ ಎದುರಿನಲ್ಲಿಯೇ, ಈ ಜನರು ಮನುಷ್ಯರಲ್ಲವೇ, ಇವರನ್ನು ಯಾವ ಹಕ್ಕಿನಿಂದ ಹಿಂಸಿಸುತ್ತಿರುವಿರಿ ಎಂದು ಕೇಳಿದನು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ತನ್ನ ವಶದಲ್ಲಿದ್ದ ಜನರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಅವರ ಪರವಾದ ಹೋರಾಟಕ್ಕೆ ಮುಡಿಪಿಟ್ಟನು. (ಈತನೂ ನಿಷ್ಕಳಂಕನಲ್ಲ. ಟೈನೋಗಳ ಬದಲು ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಒಮ್ಮೆ ಸೂಚಿಸಿ, ಅನಂತರ ಅದಕ್ಕಾಗಿ ಪಶ್ಚಾತ್ತಾಪಪಟ್ಟನು.) ಕ್ರೌರ್ಯವನ್ನು ಕ್ರೌರ್ಯವೆಂದು ಗುರುತಿಸುವ ಕಣ್ಣು ಆ ಕಾಲಕ್ಕೂ ಇತ್ತು.

ಸಾವುಗಳಿಗೆಲ್ಲ ರೋಗವೇ ಕಾರಣ, ಮನುಷ್ಯರಲ್ಲ ಎಂದು ವಾದಿಸುವವರೂ ಉಂಟು. ಯೂರೋಪಿನ ರೋಗಗಳನ್ನು ತಡೆಯುವ ಶಕ್ತಿಯು ಟೈನೋಗಳ ಮೈಯಲ್ಲಿರಲಿಲ್ಲವೆಂಬುದು ನಿಜ. ಆದರೆ ಸಿಡುಬು ಆ ದ್ವೀಪವನ್ನು ಹೊಕ್ಕದ್ದು ೧೫೧೮ರ ಕೊನೆಯಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, ೧೫೧೪ರಲ್ಲಿ, ಸ್ಪೇನಿಯರು ಹಿಸ್ಪನಿಯೋಲದ ಮೂಲನಿವಾಸಿಗಳನ್ನು ತಮ್ಮೊಳಗೆ ಹಂಚಿಕೊಳ್ಳಲು ಎಣಿಸಿದಾಗ ದೊರೆತ ಸಂಖ್ಯೆ ಸುಮಾರು ೨೬,೦೦೦ ಮಾತ್ರ. ಮೊದಲು ಎಷ್ಟಿದ್ದರೆಂಬ ಬಗ್ಗೆ ವಿದ್ವಾಂಸರು ಲಕ್ಷಗಳ ಲೆಕ್ಕದಲ್ಲಿ ಜಗಳವಾಡುತ್ತಾರೆ. ಉಳಿದವರು ತೀರ ಕಡಮೆಯೆಂಬುದರಲ್ಲಿ ಜಗಳವಿಲ್ಲ. ಮೊದಲ ದಿನ ಗಿಳಿಗಳನ್ನು ಉಡುಗೊರೆಯಿತ್ತ ಗ್ವಾನಹಾನಿಯ ಸುತ್ತಲಿನ ದ್ವೀಪಗಳ ಜನರನ್ನಂತೂ ಗಣಿಗಳ ದುಡಿಮೆಗೆಂದು ಹಿಡಿದೊಯ್ದರು. ಮೂವತ್ತು ವರ್ಷಗಳೊಳಗಾಗಿ ಆ ದ್ವೀಪಗಳು ಬಹುಮಟ್ಟಿಗೆ ನಿರ್ಜನವಾದುವು.

ಇದನ್ನೆಲ್ಲ ಅರಿತ ಮೇಲೂ ರಜೆಯನ್ನು ರದ್ದುಮಾಡುವುದೆಂದರೆ ಚರಿತ್ರೆಯನ್ನು ಅಳಿಸಿದಂತೆ ಎಂದು ಕೆಲವರು ಅಂಜುತ್ತಾರೆ. ನೆನಪು ಬೇರೆ, ಗೌರವ ಬೇರೆ. ಕೊಲಂಬಸನ ನಾಲ್ಕು ಯಾನಗಳು ಪಠ್ಯಪುಸ್ತಕದಲ್ಲಿರಲಿ, ವಸ್ತುಸಂಗ್ರಹಾಲಯದಲ್ಲಿರಲಿ, ಮಕ್ಕಳು ಅವನ್ನು ಓದಿ ತಿಳಿಯಲಿ. ಆದರೆ ಸರ್ಕಾರವು ಕಚೇರಿಗಳ ಬಾಗಿಲು ಮುಚ್ಚಿ, ಒಬ್ಬನ ಹೆಸರಿನಲ್ಲಿ ಪ್ರಜೆಗಳೆಲ್ಲರಿಗೂ ವಿರಾಮವನ್ನೀಯುವುದು ನೆನಪಿನ ಕೆಲಸವಲ್ಲ, ಅದು ವಂದನೆ. ತನ್ನ ಪೂರ್ವಿಕರನ್ನು ಗುಲಾಮರನ್ನಾಗಿಸಿದವನಿಗೆ ವಂದಿಸೆಂದು ಯಾವ ಪ್ರಜೆಯನ್ನೂ ಯಾವ ರಾಷ್ಟ್ರವೂ ಕೇಳುವಂತಿಲ್ಲ.

ಭಾರತದ ಅನುಭವವು ಇಲ್ಲಿ ನೆನಪಾಗುತ್ತದೆ. ಕೊಲಂಬಸನು ತಪ್ಪಿದ ದಾರಿಯನ್ನು ಹಿಡಿದು ವಾಸ್ಕೊ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದನು; ಮರಳುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳನ್ನು ಸರಿಪಡಿಸಿಕೊಂಡನು. ೧೫೦೨ರಲ್ಲಿ ಮತ್ತೆ ಬಂದಾಗ ಮೆಕ್ಕೆಯ ಯಾತ್ರಿಕರು ತುಂಬಿದ್ದ ಹಡಗನ್ನು ಸುಟ್ಟವನೂ ಅವನೇ. ೧೯೯೮ರಲ್ಲಿ ಅವನ ಆಗಮನಕ್ಕೆ ಐನೂರು ವರ್ಷ ತುಂಬಿದಾಗ ಭಾರತದಲ್ಲಿ ಉತ್ಸವಕ್ಕೆ ಬದಲಾಗಿ ಪ್ರತಿಭಟನೆಗಳು ನಡೆದುವು. ಕೇರಳದ ಕಾಪ್ಪಾಡ್ ಕಡಲತೀರದ ಬಳಿ ಅವನು ಬಂದಿಳಿದ ವರ್ಷವನ್ನು ಹೇಳುವ ಚಿಕ್ಕದೊಂದು ಕಲ್ಲಿದೆ. ಕಲ್ಲು ಘಟನೆಯನ್ನು ತಿಳಿಸಿ ಸುಮ್ಮನಾಗುತ್ತದೆ. ಯಾರೂ ಅದನ್ನು ಕೀಳಬೇಕಾಗಿ ಬಂದಿಲ್ಲ. ಯಾರೂ ಅದರ ಹೆಸರಿನಲ್ಲಿ ರಜೆಯನ್ನೂ ಬೇಡಿಲ್ಲ.

ಅಮೆರಿಕ ಖಂಡದಲ್ಲಿಯೂ ಹಲವು ನಾಡುಗಳು ತಮ್ಮ ತಮ್ಮ ದಾರಿಯನ್ನು ಹುಡುಕಿಕೊಂಡಿವೆ. ಟ್ರಿನಿಡಾಡ್ ಕೊಲಂಬಸನ ನೆನಪಿನ ದಿನವನ್ನು ಕೈಬಿಟ್ಟು, ೧೯೮೫ರಿಂದ ಆಗಸ್ಟ್ ೧ನ್ನು ಗುಲಾಮರ ವಿಮೋಚನೆಯ ದಿನವಾಗಿ ಆಚರಿಸುತ್ತಿದೆ. ೨೦೦೨ರಲ್ಲಿ ವೆನೆಜುವೆಲ ಅಕ್ಟೋಬರ್ ೧೨ನ್ನು ಮೂಲನಿವಾಸಿಗಳ ಪ್ರತಿರೋಧದ ದಿನವೆಂದು ಕರೆಯಿತು. ೨೦೧೦ರಲ್ಲಿ ಅರ್ಜೆಂಟೀನ ಅದನ್ನು ಸಾಂಸ್ಕೃತಿಕ ವೈವಿಧ್ಯವನ್ನು ಗೌರವಿಸುವ ದಿನವನ್ನಾಗಿಸಿತು. ಸಂಯುಕ್ತ ಸಂಸ್ಥಾನದಲ್ಲಿ ದಕ್ಷಿಣ ಡಕೋಟ ರಾಜ್ಯವು ೧೯೯೦ರಿಂದಲೂ ಬರ್ಕ್ಲಿ ನಗರವು ೧೯೯೨ರಿಂದಲೂ ಆ ದಿನವನ್ನು ಮೂಲನಿವಾಸಿಗಳಿಗೆ ಮೀಸಲಿರಿಸಿವೆ. ೨೦೨೧ರಲ್ಲಿ ಅಧ್ಯಕ್ಷ ಜೋ ಬೈಡೆನ್ ಮೂಲನಿವಾಸಿಗಳ ದಿನದ ಘೋಷಣೆಯನ್ನು ಹೊರಡಿಸಿದ ಮೊದಲ ಅಧ್ಯಕ್ಷರೆನಿಸಿದರು. ಆದರೆ ಅದೇ ದಿನಕ್ಕೆ ಕೊಲಂಬಸನ ಘೋಷಣೆಯೂ ಹೊರಟಿತು. ಒಂದೇ ಹಗಲಿನಲ್ಲಿ ಹೊಡೆದವನಿಗೂ ಹೊಡೆತ ತಿಂದವನಿಗೂ ಹಾರ ಹಾಕುವ ಈ ಉಪಾಯವು ಯಾರನ್ನೂ ತೃಪ್ತಿಪಡಿಸಲಿಲ್ಲ. ಇಟಲಿಯಿಂದ ಬಂದವರ ಶ್ರಮಕ್ಕೆ ಬೇರೊಂದು ದಿನವನ್ನಿತ್ತು, ಅಕ್ಟೋಬರಿನ ಸೋಮವಾರವನ್ನು ದ್ವೀಪಗಳಲ್ಲಿಯೂ ಬಯಲುಗಳಲ್ಲಿಯೂ ಮೊದಲೇ ಇದ್ದವರಿಗೆ ಬಿಟ್ಟುಕೊಡುವುದು ಇದಕ್ಕಿಂತ ನೇರವಾದ ದಾರಿ.

ಟೈನೋಗಳು ಪೂರ್ಣವಾಗಿ ಅಳಿದರೆಂದು ಬಹುಕಾಲ ಪುಸ್ತಕಗಳು ಬರೆದುವು. ಪೋರ್ಟೊ ರಿಕೊ ಮೊದಲಾದ ದ್ವೀಪಗಳಲ್ಲಿ ತಮ್ಮನ್ನು ಟೈನೋಗಳೆಂದು ಹೇಳಿಕೊಳ್ಳುವವರು ಇಂದಿಗೂ ಇದ್ದಾರೆ. ಅವರ ಭಾಷೆಯ ಮಾತುಗಳೂ ಚೆದುರಿ ಲೋಕವೆಲ್ಲ ಹರಡಿವೆ. ಗೆಣಸಿಗೆ ಅವರು ‘ಬಟಾಟ’ ಎನ್ನುತ್ತಿದ್ದರು. ಸ್ಪೇನಿಯರ ಬಾಯಿಂದ ಪೋರ್ಚುಗೀಸರ ಬಾಯಿಗೆ, ಅವರ ಹಡಗನ್ನೇರಿ ಗೋವೆಗೆ, ಗೋವೆಯಿಂದ ಘಟ್ಟದ ಮೇಲಕ್ಕೂ ಕರಾವಳಿಯ ಉದ್ದಕ್ಕೂ ಆ ಮಾತು ನಡೆದುಬಂದಿತು. ಉತ್ತರ ಕನ್ನಡದ ಸಂತೆಯಲ್ಲಿ ಆಲೂಗೆಡ್ಡೆಯ ರಾಶಿಯ ಮುಂದೆ ನಿಂತ ಗೃಹಿಣಿಯು ‘ಬಟಾಟೆ ಹೇಗೆ?’ ಎಂದು ಕೇಳುವಾಗ, ಗ್ವಾನಹಾನಿಯ ದಡದಲ್ಲಿ ನಿಂತು ಮೂರು ಹಡಗುಗಳನ್ನು ಬೆರಗಿನಿಂದ ನೋಡಿದ ಆ ಜನರ ಮಾತೊಂದು ಅವಳ ಬಾಯಲ್ಲಿರುತ್ತದೆ.