ಡೋರಿಯ ಮರೆವು, ಚಿಪ್ಪುಗಳ ದಾರಿ

ಮಕ್ಕಳ ಚಿತ್ರಗಳನ್ನು ಕುರಿತು ದೊಡ್ಡವರು ಬರೆಯುವ ರೂಢಿ ನಮ್ಮಲ್ಲಿ ಅಷ್ಟಾಗಿ ಇಲ್ಲ. 2016ರಲ್ಲಿ ಮೊಮ್ಮಗಳ ಒತ್ತಾಯಕ್ಕೆ ಮಣಿದು ಮುಂಬಯಿಯ ಚಿತ್ರಮಂದಿರವೊಂದರಲ್ಲಿ ‘ಫೈಂಡಿಂಗ್ ಡೋರಿ’ ನೋಡಲು ಕುಳಿತಾಗ ನಾನಾದರೂ ತಂಪಿನಲ್ಲಿ ಒಂದು ನಿದ್ದೆಯನ್ನಷ್ಟೇ ನಿರೀಕ್ಷಿಸಿದ್ದೆ. ನಿದ್ದೆ ಬರಲಿಲ್ಲ. ಆ ನೀಲಿ ಮೀನಿನ ಬಗ್ಗೆ ಎಲ್ಲರೂ ಹೇಳುವ ಮಾತೊಂದರ ಮೇಲೆ ಅಂದಿನಿಂದ ನನ್ನ ತಕರಾರಿದೆ.

ಡೋರಿ ಮೊದಲು ಕಾಣಿಸಿಕೊಂಡದ್ದು 2003ರ ‘ಫೈಂಡಿಂಗ್ ನೀಮೊ’ದಲ್ಲಿ. ಪಿಕ್ಸರ್ ಸಂಸ್ಥೆಗಾಗಿ ಆಂಡ್ರೂ ಸ್ಟಾಂಟನ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಮಗನನ್ನು ಕಳೆದುಕೊಂಡ ಮಾರ್ಲಿನ್ ಎಂಬ ತಂದೆ ಮೀನಿಗೆ ಅವಳು ಜೊತೆಗಾತಿ. ಈಗ ಕೇಳಿದ್ದು ಇನ್ನೊಂದು ಗಳಿಗೆಗೆ ಅವಳಲ್ಲಿ ಉಳಿಯದು. ಪ್ರೇಕ್ಷಕರು ನಗುತ್ತಾರೆ, ನಗಬೇಕೆಂದೇ ಹಾಗೆ ಮಾಡಿದ್ದಾರೆ. ಆದರೆ 2004ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಸ್ಯಾಲಿ ಬ್ಯಾಕ್ಸೆಂಡೇಲ್ ಎಂಬ ನರಮನೋವಿಜ್ಞಾನಿ ಸಿನಿಮಾಗಳ ವಿಸ್ಮೃತಿಯನ್ನೆಲ್ಲ ಜಾಲಿಸಿ ನೋಡಿ, ವಾಸ್ತವಕ್ಕೆ ನಿಷ್ಠವಾದ ಬೆರಳೆಣಿಕೆಯ ಚಿತ್ರಣಗಳಲ್ಲಿ ಈ ಮೀನಿನದೂ ಒಂದೆಂದು ಬರೆದರು. ತಲೆಗೆ ಒಂದು ಪೆಟ್ಟು ಬಿದ್ದು ಹೆಸರು ಮರೆತು, ಇನ್ನೊಂದು ಪೆಟ್ಟು ಬಿದ್ದು ಎಲ್ಲವನ್ನೂ ನೆನೆಸಿಕೊಳ್ಳುವ ನಾಯಕರನ್ನು ಕಂಡು ಬೆಳೆದ ನಮಗೆ ಇದು ನಾಚಿಕೆಯ ಸಂಗತಿಯೇ ಸರಿ.

ಜನ ಹೇಳುವ ಮಾತು ಇಷ್ಟು: ಡೋರಿ ಧೃತಿಯ ಪ್ರತೀಕ, ಮರೆತರೇನು, ಈಜುವುದನ್ನು ಬಿಡಲಿಲ್ಲ. ಅವಳ ಹಾಡಿನ ಆ ಉಪದೇಶ ಅಂಗಿಗಳ ಮೇಲೆ, ಚಹಾ ಬಟ್ಟಲುಗಳ ಮೇಲೆ ಅಚ್ಚಾಗಿ ಮಾರಾಟವಾಯಿತು. ಛಲವೊಂದಿದ್ದರೆ ಸಾಕೆಂಬ ಈ ವ್ಯಾಖ್ಯಾನ ಅನುಕೂಲಕರವಾದದ್ದು, ಏಕೆಂದರೆ ಅದು ಉಳಿದವರನ್ನೆಲ್ಲ ಹೊಣೆಯಿಂದ ಮುಕ್ತಗೊಳಿಸುತ್ತದೆ.

ಚಿತ್ರ ಹೇಳುವುದೇ ಬೇರೆ. ಮಾರ್ಲಿನ್ ಜೊತೆಗಿದ್ದಾಗ ಡೋರಿಗೆ ಸಿಡ್ನಿಯ ವಿಳಾಸ ನೆನಪಿರುತ್ತದೆ. ಮಗ ಸತ್ತನೆಂದು ನಂಬಿ ಅವನು ಬೆನ್ನು ತಿರುಗಿಸಿದೊಡನೆ ಆ ನೆನಪು ಕರಗಿಹೋಗುತ್ತದೆ; ಸ್ವತಃ ನೀಮೊ ಎದುರಿಗೆ ಬಂದರೂ ಅವಳಿಗೆ ಗುರುತು ಹತ್ತುವುದಿಲ್ಲ. ಕೊಳವೆಯೊಂದರ ಮೇಲೆ ‘ಸಿಡ್ನಿ’ ಎಂಬ ಅಕ್ಷರಗಳನ್ನು ಕಂಡ ಮೇಲಷ್ಟೇ ಎಲ್ಲವೂ ಮರಳುತ್ತದೆ. ಅವಳ ನೆನಪಿನ ಅರ್ಧ ಭಾಗ ಅವಳ ತಲೆಯ ಹೊರಗಿದೆ.

ತಲೆಯೊಳಗೂ ಎಲ್ಲವೂ ಅಳಿಸಿಹೋಗಿರುವುದಿಲ್ಲವೆಂಬುದಕ್ಕೆ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನನ ಕಥೆಯಿದೆ. ಮೂರ್ಛೆರೋಗ ಗುಣವಾಗಲೆಂದು 1953ರಲ್ಲಿ ಆತನ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸಿನ ಬಹುಭಾಗವನ್ನು ತೆಗೆದುಹಾಕಿದರು. ಅಲ್ಲಿಂದಾಚೆಗೆ ಹೊಸ ನೆನಪೊಂದೂ ಆತನಲ್ಲಿ ನೆಲೆಯೂರಲಿಲ್ಲ. ಆದರೂ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಮೇಲೆ ಪೆನ್ಸಿಲ್ ಎಳೆಯುವುದನ್ನು ಬ್ರೆಂಡಾ ಮಿಲ್ನರ್ ಅಭ್ಯಾಸ ಮಾಡಿಸಿದಾಗ, ಮೂರು ದಿನಗಳಲ್ಲಿ ಆತನ ಕೈ ಪಳಗಿತು. ಹಿಂದೆ ಮಾಡಿದ್ದರ ನೆನಪು ಮಾತ್ರ ಇರಲಿಲ್ಲ. ಕೈ ಕಲಿತದ್ದನ್ನು ಮನಸ್ಸು ಅರಿಯದು.

ಎರಡನೆಯ ಚಿತ್ರದ ತಂದೆತಾಯಿ, ಚಾರ್ಲಿ ಮತ್ತು ಜೆನ್ನಿ, ನಂಬಿದ್ದು ಇದನ್ನೇ. ಮರೆಯುವ ಮಗುವನ್ನು ಅವರು ಗದರಿಸುವುದಿಲ್ಲ. ಆಟದಲ್ಲಿ ಪಾಠ ಹೇಳುತ್ತಾರೆ. ಸಮುದ್ರದ ಸೆಳವಿನ ಎಚ್ಚರಿಕೆಯನ್ನು ಹಾಡಾಗಿಸುತ್ತಾರೆ. ಚಿಪ್ಪುಗಳ ಸಾಲು ಹಿಡಿದು ಬಂದರೆ ಮನೆ ಸಿಗುತ್ತದೆಂದು ಕಲಿಸುತ್ತಾರೆ. ತಾಯಿ ಮರೆಯಲ್ಲಿ ಅಳುವುದನ್ನು ಕೇಳಿಸಿಕೊಂಡ ಮಗು ಅವಳ ಮೆಚ್ಚಿನ ನೇರಳೆ ಬಣ್ಣದ ಚಿಪ್ಪನ್ನು ತರಹೋಗಿ ಸೆಳವಿಗೆ ಸಿಕ್ಕುತ್ತದೆ. ವರ್ಷಗಳ ನಂತರ ಮಸುಕು ನೀರಿನ ತಳದಲ್ಲಿ ಡೋರಿ ಚಿಪ್ಪಿನ ಸಾಲೊಂದನ್ನು ಕಾಣುತ್ತಾಳೆ. ಹಿಡಿದು ಹೋದರೆ, ಅಂಥ ಸಾಲುಗಳು ಎಲ್ಲ ದಿಕ್ಕಿಗೂ ಹರಡಿವೆ. ಮಗಳು ಯಾವ ಕಡೆಯಿಂದ ಬಂದಾಳೆಂದು ತಿಳಿಯದ ಆ ಮುದಿ ಮೀನುಗಳು ದಿನವೂ ಚಿಪ್ಪು ಜೋಡಿಸುತ್ತಲೇ ಇದ್ದವು. ಧೃತಿಯೆಂದರೆ ನನ್ನ ಮಟ್ಟಿಗೆ ಇದು. ಅಂಗಿಯ ಮೇಲೆ ಅಚ್ಚುಹಾಕಲು ಬರುವಂಥದ್ದಲ್ಲ.

ಅದೇ ಚಿತ್ರದಲ್ಲಿ ಮಾರ್ಲಿನ್, ಮರೆಯುವುದೊಂದೇ ನಿನಗೆ ಚೆನ್ನಾಗಿ ಬರುವ ಕೆಲಸವೆಂಬ ಅರ್ಥದ ಮಾತನ್ನು ಆಡಿಬಿಡುತ್ತಾನೆ. ಕತ್ತಲೆಯಲ್ಲಿ ನಾನು ಬೆಚ್ಚಿದ್ದು ಅಲ್ಲಿ. ಧಾರವಾಡದಿಂದ 2011ರಲ್ಲಿ ನನ್ನ ಬಳಿಗೆ ಬಂದ ಅವ್ವ ದಿನವೂ ಸಂಜೆ ಊರಿಗೆ ಯಾವಾಗ ಹೋಗುವುದೆಂದು ಕೇಳುತ್ತಿದ್ದಳು. ಗಂಟೆಯಲ್ಲಿ ಹತ್ತು ಸಲ. “ಈಗರೆ ಹೇಳಿದ್ನೆಲ್ಲವ್ವಾ, ಎಷ್ಟು ಸಲಾ ಹೇಳ್ಲಿ?” ಎಂದು ಒಮ್ಮೆ ಕೂಗಿಬಿಟ್ಟೆ. ಅವಳು ಮರೆತಳು. ಆದರೆ ಅಂದು ರಾತ್ರಿಯವರೆಗೂ, ಕಾರಣ ತಿಳಿಯದೆಯೇ, ನನ್ನಿಂದ ತುಸು ದೂರ ಸರಿದು ಕೂತಿದ್ದಳು. ಬಚ್ಚಲ ಬಾಗಿಲಿಗೆ, ದೇವರ ಗೂಡಿಗೆ ದೊಡ್ಡ ಕನ್ನಡ ಅಕ್ಷರಗಳ ಚೀಟಿ ಅಂಟಿಸಿದವಳು ನನ್ನ ಹೆಂಡತಿ. ಯಾವ ವೈದ್ಯರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವ್ವ ಓದುವುದನ್ನು ಕೊನೆಯವರೆಗೂ ಮರೆಯಲಿಲ್ಲ.

ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಡೋರಿಯದು ಹುಟ್ಟಿನಿಂದ ಬಂದದ್ದು, ಇದ್ದಲ್ಲೇ ಇರುವಂಥದ್ದು. ಮುಪ್ಪಿನ ಮರೆವು ದಿನದಿನಕ್ಕೆ ಬೆಳೆಯುವ ರೋಗ. ಅಲ್ಲಿ ಚಿಪ್ಪುಗಳೂ ಒಂದು ದಿನ ಕೆಲಸಕ್ಕೆ ಬಾರವು. ಚಿತ್ರ ಅಷ್ಟು ದೂರ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೂ ಕೊನೆಯಲ್ಲಿ, ಒಬ್ಬಳೇ ಹೊರಟ ಡೋರಿಯ ಹಿಂದೆ ಮಾರ್ಲಿನ್ ಆತಂಕದಿಂದ ಹೋಗುವುದನ್ನು ಅದು ತೋರಿಸುತ್ತದೆ. ಅವ್ವ ಮೆಟ್ಟಿಲಿಳಿದು ಹೊರಟಾಗ ನಾನೂ ಹಾಗೆಯೇ ನಾಲ್ಕು ಹೆಜ್ಜೆ ಹಿಂದಿರುತ್ತಿದ್ದೆ. 2014ರಲ್ಲಿ ಅವಳು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮುಂಚೆ, ಗೇಟಿನ ಬಳಿ ನಿಂತು ತಿರುಗಿ ನೋಡಿ, “ನೀ ಯಾರ ಪೈಕಿ, ತಮ್ಮಾ?” ಎಂದು ಕೇಳಿದಳು.

“ನಿನ್ನ ಪೈಕೀನ ನೋಡವ್ವಾ” ಎಂದೆ. ಸರಿ ಎಂಬಂತೆ ತಲೆಯಾಡಿಸಿ, ಕೈ ಹಿಡಿದುಕೊಂಡು ಮೇಲೆ ಬಂದಳು.